ಅಪ್‌ಗ್ರೇಡ್ ಸಿಡಿಯ ಕಾಲ

ವಿಂಡೋಸ್ 95 ಮಾರುಕಟ್ಟೆಗೆ ಬಂದದ್ದು 1995ರ ಆಗಸ್ಟ್ 24ರಂದು. ಅದರ ಅಪ್‌ಗ್ರೇಡ್ ಪ್ರತಿಯು ಸಿಡಿಯಲ್ಲೂ, 13 ಫ್ಲಾಪಿಗಳ ಕಟ್ಟಾಗಿಯೂ ಸಿಗುತ್ತಿತ್ತು. ಪೂರ್ಣ ಪ್ರತಿಗಿಂತ ಅಗ್ಗ. ಆದರೆ ಹಳೆಯ ವಿಂಡೋಸ್ ಇದ್ದವರಿಗಷ್ಟೇ.

ವೈರಸ್ ಹೊಕ್ಕು ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಬೇಕಾದಾಗ ಈ ಷರತ್ತು ಕಾಡುತ್ತಿತ್ತು. ಬೂಟ್ ಫ್ಲಾಪಿ ಹಾಕಿ, ಡಿಸ್ಕ್ ಫಾರ್ಮ್ಯಾಟ್ ಮಾಡಿ, ಸೆಟಪ್ ಶುರು ಮಾಡಿದರೆ ಅದು ಹಳೆಯ ಆವೃತ್ತಿಯನ್ನು ಹುಡುಕುತ್ತಿತ್ತು. ಸಿಗದಿದ್ದರೆ ಹಳೆಯ ಡಿಸ್ಕನ್ನೇ ತೋರಿಸಬೇಕು. ಹೀಗಾಗಿ ಯಾವ ಕೆಲಸಕ್ಕೂ ಬಾರದ ಫ್ಲಾಪಿಯನ್ನು ಜಮೀನಿನ ಮೂಲಪತ್ರದಂತೆ ಕಾಪಾಡಬೇಕಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಿಗೆ ಇಂಥ ಮೂಲಪತ್ರ ಎಷ್ಟೋ ಸಲ ಇರುತ್ತಲೇ ಇರಲಿಲ್ಲ, ಆ ಮಾತು ಬೇರೆ.

2001ರ ಅಕ್ಟೋಬರ್ 25ರಂದು ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಿಗರಿಗೆ ಇನ್ನೊಂದು ಕೆಲಸ ಕೂಡಿಕೊಂಡಿತು. ಕನ್ನಡದ ತುಂಗಾ ಫಾಂಟ್ ಜೊತೆಗೇ ಬಂದಿತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರದೇಶ ಮತ್ತು ಭಾಷೆಯ ಆಯ್ಕೆಗಳ ಕಿಟಕಿಯಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕದಿದ್ದರೆ ಒತ್ತಕ್ಷರ ಒಡೆದು ಬೇರೆಯಾಗಿ ನಿಲ್ಲುತ್ತಿತ್ತು. ಗುರುತು ಹಾಕಿದರೆ ಮತ್ತೆ ಸಿಡಿ ಕೇಳುತ್ತಿತ್ತು. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳನ್ನೂ ಹೊಸದಾಗಿ ಹಾಕಿಕೊಳ್ಳಬೇಕಿತ್ತು.

2007ರ ವಿಂಡೋಸ್ ವಿಸ್ಟಾದಲ್ಲಿ ಹಳೆಯ ಡಿಸ್ಕ್ ತೋರಿಸುವ ದಾರಿಯೂ ಮುಚ್ಚಿತು; ಹಳೆಯ ವಿಂಡೋಸ್ ಒಳಗಿನಿಂದಲೇ ಸೆಟಪ್ ಹೊರಡಬೇಕು. ಜನ ಉಪಾಯ ಕಂಡುಕೊಂಡರು: ಕೀ ಕೊಡದೆ ಒಮ್ಮೆ ಹಾಕಿ, ಅದರ ಮೇಲೆ ಅದನ್ನೇ ಎರಡನೇ ಸಲ ಹಾಕುವುದು. 2015ರ ವಿಂಡೋಸ್ 10 ಮೊದಲ ವರ್ಷ ಉಚಿತ ಅಪ್‌ಗ್ರೇಡ್ ಆಗಿ ಸಿಕ್ಕಿತು. ಯಂತ್ರದ ಗುರುತು ಮೈಕ್ರೋಸಾಫ್ಟಿನ ಸರ್ವರಿನಲ್ಲೇ ಉಳಿಯುತ್ತಿದ್ದರಿಂದ ಮತ್ತೆ ಹಾಕುವಾಗ ಹಳೆಯ ಡಿಸ್ಕ್ ಬೇಕಾಗಲಿಲ್ಲ.