‘ದಿವಾಸ್ವಪ್ನ’ದ ಮರೆಯಲ್ಲಿ ಉಳಿದ ಕಥಾಶಾಸ್ತ್ರ: ಗಿಜುಭಾಯಿ ಬಧೇಕಾ ಮತ್ತು ಶಿಶುತರಗತಿಯ ಜನಪದ ಕಥೆ

ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ (1885–1939) ಚಿಕ್ಕ ಮಕ್ಕಳ ಕಲಿಕೆಗೆ ಜನಪದ ಕಥೆಯನ್ನು ಹೇಗೆ ಬಳಸಿದರು ಎಂಬುದಕ್ಕೆ ಶಿಕ್ಷಕರ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಆಧಾರ ‘ದಿವಾಸ್ವಪ್ನ’ ಒಂದೇ. ಈ ಆಧಾರ ದುರ್ಬಲವಾದದ್ದು. ‘ದಿವಾಸ್ವಪ್ನ’ ಗಿಜುಭಾಯಿಯದೇ ಆದ ಕಥನರೂಪದ ಕೃತಿ, ಪ್ರಯೋಗದ ವರದಿಯಲ್ಲ. ಅದರ ನಾಯಕನಾದ ಶಿಕ್ಷಕ ಪಾಠ ಮಾಡುವುದು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಗೆ. ಅಲ್ಲಿ ಪರೀಕ್ಷೆಯಿದೆ, ಪಠ್ಯಪುಸ್ತಕವಿದೆ, ಮೇಲಧಿಕಾರಿಯ ಕಣ್ಣಿದೆ. ಓದು ಬರಹ ಇನ್ನೂ ಮುಟ್ಟದ ಮಕ್ಕಳೂ ಬರುತ್ತಿದ್ದ ಬಾಲಮಂದಿರಕ್ಕೆ ಆ ತರಗತಿಯ ಅನುಭವವನ್ನು ಯಥಾವತ್ತಾಗಿ ಹೊಂದಿಸಲಾಗದು. ಹಾಗೆ ಹೊಂದಿಸಿದವರು ಗಿಜುಭಾಯಿ ಇದೇ ವಿಷಯಕ್ಕೆಂದು 1925ರಲ್ಲಿ ಬರೆದ ‘ವಾರ್ತಾನುಂ ಶಾಸ್ತ್ರ’ವನ್ನು ತೆರೆದೇ ನೋಡಿಲ್ಲವೆಂದು ತೋರುತ್ತದೆ.

ಆದರೂ ‘ದಿವಾಸ್ವಪ್ನ’ದ ಒಂದು ಪ್ರಸಂಗವನ್ನು ಪಕ್ಕಕ್ಕಿಡುವಂತಿಲ್ಲ. ಹೆಚ್ಚು ತಪ್ಪಾಗಿ ಓದಿಸಿಕೊಂಡಿರುವುದೂ ಅದೇ. ಮೊದಲ ದಿನ ಆ ಶಿಕ್ಷಕ ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗುತ್ತಾನೆ. ಮಕ್ಕಳು ಸುಮ್ಮನಾಗುವುದಿಲ್ಲ, ಕೂಗಾಟ, ಗದ್ದಲ ಎದ್ದು ಆ ದಿನ ಕೆಡುತ್ತದೆ. ಮರುದಿನ ರಾಜ, ಏಳು ಜನ ರಾಣಿಯರ ಕಥೆ ಶುರುಮಾಡುತ್ತಾನೆ. ಅದೇ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಕಥೆಯೆಂದರೆ ತರಗತಿಯನ್ನು ಹತೋಟಿಗೆ ತರುವ ಉಪಾಯ, ಪಾಠಕ್ಕೆ ಮುನ್ನ ಹಾಕುವ ಆಮಿಷ ಎಂಬುದು ಇದರ ರೂಢಿಯ ವ್ಯಾಖ್ಯಾನ. ಪ್ರಸಂಗದ ಪೂರ್ವಾರ್ಧವನ್ನು ಗಮನಿಸಿದರೆ ಈ ವ್ಯಾಖ್ಯಾನ ನಿಲ್ಲದು. ಮೌನದ ಆಟ ಮಾರಿಯಾ ಮಾಂಟೆಸ್ಸೊರಿ ಪದ್ಧತಿಯ ಹೆಸರಾಂತ ಅಭ್ಯಾಸ. ಆ ಪದ್ಧತಿಯನ್ನು ಮನಸಾರೆ ಒಪ್ಪಿ ಬಾಲಮಂದಿರದಲ್ಲಿ ನೆಲೆಗೊಳಿಸಿದ ಲೇಖಕನೇ ಅದು ಸೋಲುವುದನ್ನು ಮೊದಲು ಚಿತ್ರಿಸಿ, ಅದೇ ಜಾಗಕ್ಕೆ ಕಥೆಯನ್ನು ತರುತ್ತಾನೆ. ಇದನ್ನು ಕಾಕತಾಳೀಯವೆನ್ನುವುದು ಕಷ್ಟ. ಮೇಲಾಗಿ ಕೃತಿಯಲ್ಲಿ ಕಥೆ ಅಲ್ಲಿಗೇ ನಿಲ್ಲುವುದೂ ಇಲ್ಲ: ತರಗತಿಯ ಪುಸ್ತಕಾಲಯ, ಓದು, ನಾಟಕ ಎಲ್ಲವೂ ಅದರಿಂದಲೇ ಕವಲೊಡೆಯುತ್ತವೆ. ಆಮಿಷವಾಗಿದ್ದರೆ ಪಾಠ ಶುರುವಾದೊಡನೆ ಕಥೆ ಮುಗಿಯಬೇಕಿತ್ತು.

ಗಿಜುಭಾಯಿಯನ್ನು ಮಾಂಟೆಸ್ಸೊರಿಯ ಭಾರತೀಯ ಪ್ರತಿನಿಧಿಯಾಗಿ ಮಾತ್ರ ಕಾಣುವ ವಾಡಿಕೆಯೂ ಇಲ್ಲಿ ಎಡವುತ್ತದೆ. ಎಳೆಯ ಮಗುವಿನ ಕಲ್ಪನೆ ವಾಸ್ತವದ ಅನುಭವದ ಮೇಲೆ ಬೆಳೆಯಬೇಕು, ಅದ್ಭುತ ಕಥೆಗಳು ಅದರ ಮುಗ್ಧ ನಂಬಿಕೆಯನ್ನು ದುಡಿಸಿಕೊಳ್ಳುತ್ತವೆ ಎಂಬ ಶಂಕೆ ಮಾಂಟೆಸ್ಸೊರಿಯ ಬರಹಗಳಲ್ಲಿದೆ. ಗಿಜುಭಾಯಿ ಈ ಒಂದು ವಿಷಯದಲ್ಲಿ ಅವರ ಹಿಂದೆ ಹೋಗಲಿಲ್ಲ. ಇಬ್ಬರೂ ಎದುರುಬದುರು ಕೂತು ಇದನ್ನು ಚರ್ಚಿಸುವ ಯೋಗವೂ ಒದಗಲಿಲ್ಲ: ಗಿಜುಭಾಯಿ ತೀರಿಕೊಂಡದ್ದು 1939ರ ಜೂನ್‌ನಲ್ಲಿ, ಮಾಂಟೆಸ್ಸೊರಿ ಭಾರತಕ್ಕೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ.

‘ವಾರ್ತಾನುಂ ಶಾಸ್ತ್ರ’ ಕಥೆಯ ಉದ್ದೇಶ, ಆಯ್ಕೆ, ಕ್ರಮ, ಹೇಳುವ ರೀತಿ, ಕಥೆಗೂ ನೀತಿಬೋಧೆಗೂ ಇರುವ ಸಂಬಂಧ ಇವನ್ನೆಲ್ಲ ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಕಥೆಯ ಮೊದಲ ಫಲ ಮಗುವಿಗೆ ಸಿಗುವ ಆನಂದ, ನೀತಿಯನ್ನು ಹಿಂಡಿ ತೆಗೆಯಲು ಹೊರಟರೆ ಆ ಆನಂದವೇ ಹಾಳು ಎಂಬುದು ಅದರ ಗಟ್ಟಿ ನಿಲುವು. ಗಿಜುಭಾಯಿ ಮಕ್ಕಳಿಗಾಗಿ ಬರೆದಿಟ್ಟ ‘ದಲಾ ತರವಾಡಿ’ಯ ಕಥೆ ಈ ನಿಲುವಿಗೆ ಒಳ್ಳೆಯ ಸಾಕ್ಷಿ. ಬದನೆಕಾಯಿಯ ಆಸೆಗೆ ದಲಾ ತರವಾಡಿ ವಶರಾಮ ಭೂವಾನ ತೋಟಕ್ಕೆ ನುಗ್ಗುತ್ತಾನೆ. ಅಲ್ಲಿ ಯಾರೂ ಇಲ್ಲ. ಎರಡು ನಾಲ್ಕು ಕಾಯಿ ಕೀಳಲೇ ಎಂದು ತೋಟವನ್ನೇ ಕೇಳುತ್ತಾನೆ. ಹತ್ತು ಹನ್ನೆರಡು ಕಿತ್ತುಕೊ ಎಂದು ತೋಟದ ಪರವಾಗಿ ತಾನೇ ಉತ್ತರಿಸುತ್ತಾನೆ. ಇದು ದಿನವೂ ನಡೆಯುತ್ತದೆ. ಕೊನೆಗೆ ಹೊಂಚುಹಾಕಿ ಹಿಡಿದ ವಶರಾಮ ಅವನನ್ನು ಹಗ್ಗದಲ್ಲಿ ಕಟ್ಟಿ ಬಾವಿಗಿಳಿಸಿ, ಎರಡು ನಾಲ್ಕು ಮುಳುಗು ಹಾಕಿಸಲೇ ಎಂದು ಬಾವಿಯನ್ನು ಕೇಳುತ್ತಾನೆ. ಬಾವಿಯ ಉತ್ತರವೇನೆಂಬುದು ಕೇಳುವ ಮಗುವಿಗೆ ಆಗಲೇ ಗೊತ್ತು.

ಕಲಿಕೆ ನಡೆಯುವುದು ಈ ‘ಆಗಲೇ ಗೊತ್ತು’ ಎನ್ನುವಲ್ಲಿ. ಅದೇ ಪ್ರಶ್ನೆ, ಅದೇ ಉತ್ತರ ಮರಳಿ ಬಂದಾಗ ವಾಕ್ಯದ ಅಚ್ಚು ಮಗುವಿನ ನಾಲಿಗೆಗೆ ಹತ್ತುತ್ತದೆ, ಮುಂದಿನದನ್ನು ಅದು ಊಹಿಸುತ್ತದೆ, ಮಾತಾಡುವ ಸರದಿಯನ್ನು ಗುರುತಿಸುತ್ತದೆ. ತೋಟ ಬಾವಿಯಾದಾಗ ಅದೇ ಅಚ್ಚಿನಲ್ಲಿ ಹೊಸ ಪದ ಕೂರುತ್ತದೆ. ಕಳ್ಳತನ ಕೆಟ್ಟದ್ದೆಂಬ ಸಾಲನ್ನು ಕೊನೆಗೆ ಅಂಟಿಸಿದ ಪಾಠ ಇದನ್ನೆಲ್ಲ ನಾಶಮಾಡುತ್ತದೆ. ದಲಾನ ಮಾತು ಅವನಿಗೇ ತಿರುಗುವುದರಲ್ಲಿ ನ್ಯಾಯ ತಾನಾಗಿಯೇ ಕಾಣುತ್ತಿರುವಾಗ ಶಿಕ್ಷಕನ ತೀರ್ಪು ಅದಕ್ಕೆ ಬೇಕಿಲ್ಲ. ಕನ್ನಡದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹೇಳಿ, ಕೊನೆಗೆ ‘ಈ ಕಥೆಯ ನೀತಿ ಏನು?’ ಎಂದು ಕೇಳುವ ತರಗತಿಗಳಿಗೂ ಈ ಆಕ್ಷೇಪ ಅಷ್ಟೇ ಸಲ್ಲುತ್ತದೆ.

ಗಿಜುಭಾಯಿಯ ಎಲ್ಲ ಕಥೆಗಳೂ ಇಂದಿನ ತರಗತಿಗೆ ಹೊಂದುತ್ತವೆಂದು ಇದರಿಂದ ಸಿದ್ಧವಾಗದು; ಜಾತಿ, ಹೆಣ್ಣು ಕುರಿತ ಹಳೆಯ ಧೋರಣೆಗಳು ಜನಪದ ಕಥೆಗಳಲ್ಲಿ ಧಾರಾಳವಾಗಿವೆ, ಆಯ್ಕೆಯ ಹೊಣೆ ಶಿಕ್ಷಕರದ್ದೇ. ಆದರೆ ಈ ಪರಂಪರೆ ಭಾವನಗರದಲ್ಲೇ ನಿಲ್ಲಲಿಲ್ಲ: ಅಲ್ಲಿ ಗಿಜುಭಾಯಿಯ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ, ಅನಂತರ ಕೋಸಬಾಡದಲ್ಲಿ, ಬಡವರ ಮತ್ತು ಆದಿವಾಸಿಗಳ ಮಕ್ಕಳಿಗಾಗಿ ಬಾಲವಾಡಿ, ಅಂಗನವಾಡಿಗಳನ್ನು ರೂಪಿಸಿದರು. ಕೊಂಡು ತಂದ ಸಾಮಗ್ರಿಗೆ ಕಾಯದೆ, ಮಕ್ಕಳ ಮನೆಯಂಗಳದಲ್ಲೇ, ಸುತ್ತಮುತ್ತ ಸಿಗುವ ವಸ್ತುಗಳಿಂದ ಅಲ್ಲಿ ಕಲಿಕೆ ಸಾಗಿತು. ಇಂದಿನ ಅಂಗನವಾಡಿಯ ಕಥೆಯ ಹೊತ್ತಿಗೆ ಪೂರ್ವಚರಿತ್ರೆ ಬರೆಯುವುದಾದರೆ ಭಾವನಗರದ ಬಾಲಮಂದಿರ, ‘ವಾರ್ತಾನುಂ ಶಾಸ್ತ್ರ’, ಬೋರ್ಡಿ, ಕೋಸಬಾಡ ಎಂಬ ಸಾಲನ್ನೇ ಹಿಡಿಯಬೇಕು. ‘ದಿವಾಸ್ವಪ್ನ’ಕ್ಕೆ ಅದರಲ್ಲಿ ಸ್ಥಾನವಿದೆ, ಆದರೆ ಅದು ನಾಲ್ಕನೆಯ ತರಗತಿಯ ಕುರಿತ ಸಾಕ್ಷ್ಯವಾಗಿ ಮಾತ್ರ.