ಕೈಗುಣವೂ ಕೈಶುದ್ಧಿಯೂ

ವೈದ್ಯನ ಕೈಗುಣವೆಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ರೋಗಿಯು ಗುಣಹೊಂದಿದರೆ ಕೈಗುಣವೆನ್ನುವೆವು; ಮಡಿದರೆ ಹಣೆಯ ಬರಹವೆನ್ನುವೆವು. ಇವೆರಡರ ನಡುವೆ ಕೈಶುದ್ಧಿಯೆಂಬ ಮೂರನೆಯದೊಂದುಂಟು. ಅದನ್ನರಿಯುವ ಮೊದಲು ಎಷ್ಟು ಮಂದಿ ಸ್ತ್ರೀಯರು ಪ್ರಾಣ ತೆರಬೇಕಾಯಿತೆಂಬುದಕ್ಕೆ ಗರ್ಭಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಯ ಚರಿತ್ರೆಯೇ ಸಾಕ್ಷಿಯಾಗಿದೆ.

1813ರಲ್ಲಿ ಜರ್ಮನಿಯ ಗೊಟಿಂಗೆನ್ ನಗರದ ಲಾಂಗೆನ್‌ಬೆಕ್ ಎಂಬ ವೈದ್ಯನು ಯೋನಿಮಾರ್ಗವಾಗಿ ಗರ್ಭಕೋಶವನ್ನು ತೆಗೆದನು. ನೋವನ್ನು ಮರೆಸುವ ಔಷಧವು ಆಗ ಇರಲಿಲ್ಲ. ಆಕೆ ಬದುಕಿಕೊಂಡಳು, ಆದರೆ ಸಹೋದ್ಯೋಗಿಗಳು ಅವನ ಮಾತನ್ನು ನಂಬಲಿಲ್ಲ. 26 ವರ್ಷಗಳ ತರುವಾಯ ಆಕೆ ತೀರಿಕೊಂಡಾಗ ಶವಪರೀಕ್ಷೆಯೇ ಅವನ ಪರವಾಗಿ ಸಾಕ್ಷಿ ನುಡಿಯಿತು. ಹೊಟ್ಟೆಯನ್ನು ಸೀಳಿ ಮಾಡುವ ಕ್ರಮವನ್ನು 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ ಕೈಗೊಂಡನು; ರೋಗಿ ಉಳಿಯಲಿಲ್ಲ. ಆ ದಿನಗಳಲ್ಲಿ ರಕ್ತಸ್ರಾವವನ್ನು ದಾಟಿದವರನ್ನೂ ಹೊಟ್ಟೆಯೊಳಗೇರಿದ ನಂಜು ಬಿಡುತ್ತಿರಲಿಲ್ಲ.

ಆ ನಂಜು ಎಲ್ಲಿಂದ ಬರುವುದೆಂಬುದರ ಸುಳಿವು ದೊರೆತದ್ದು ಹೆರಿಗೆಯ ಕೋಣೆಯಲ್ಲಿ. ವಿಯೆನ್ನಾದ ಆಸ್ಪತ್ರೆಯಲ್ಲಿ ಹೆಣಗಳನ್ನು ಸೀಳಿ ಪರೀಕ್ಷಿಸಿದ ಕೈಗಳಿಂದಲೇ ವಿದ್ಯಾರ್ಥಿಗಳು ಬಾಣಂತಿಯರನ್ನು ಮುಟ್ಟುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯಮಾಡಿದನು. 1846ರಲ್ಲಿ ನೂರಕ್ಕೆ 11ಕ್ಕೂ ಮಿಗಿಲಾಗಿದ್ದ ಮರಣವು 1848ರಲ್ಲಿ ನೂರಕ್ಕೆ 2ಕ್ಕಿಂತ ಕೆಳಗಿಳಿಯಿತು. ಆದರೂ ತಮ್ಮ ಕೈಯೇ ಮೃತ್ಯುವಾಹಕವೆಂಬುದನ್ನು ಒಪ್ಪಲು ಅನೇಕ ವೈದ್ಯರಿಗೆ ಮನಸ್ಸಾಗಲಿಲ್ಲ. 1865ರ ಆಗಸ್ಟಿನಲ್ಲಿ ಅವನು ಹುಚ್ಚಾಸ್ಪತ್ರೆಯೊಂದರಲ್ಲಿ ಕಣ್ಮುಚ್ಚಿದನು. ಅದೇ ತಿಂಗಳು ಗ್ಲಾಸ್ಗೋ ನಗರದಲ್ಲಿ ಲಿಸ್ಟರ್ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ, ನಂಜನ್ನು ತಡೆಯುವ ಹೊಸ ಮಾರ್ಗವನ್ನು ತೋರಿಸಿದನು.

ಇದರ ಬಲದಿಂದ 1878ರಲ್ಲಿ ಬ್ರೆಸ್ಲೌ ನಗರದ ಫ್ರೌಂಡ್ ಉದರಮಾರ್ಗವಾಗಿಯೂ, ಹೈಡೆಲ್‌ಬರ್ಗಿನ ಚೆರ್ನಿ ಯೋನಿಮಾರ್ಗವಾಗಿಯೂ ಅರ್ಬುದಪೀಡಿತ ಗರ್ಭಕೋಶವನ್ನು ತೆಗೆದರು. ಉದರವನ್ನು ತೆರೆದಾಗ ಮರಣವು ಹೆಚ್ಚಾಗಿದ್ದುದರಿಂದ ಹಲವರು ಎರಡನೆಯ ಮಾರ್ಗವನ್ನೇ ಹಿಡಿದರು. ಮುಂದೆಯೂ ಬಹುಕಾಲ, ಯೋನಿಯ ರೋಗಾಣುಗಳು ಹೊಟ್ಟೆಯನ್ನು ಸೇರಬಾರದೆಂದು ಗರ್ಭಕೋಶದ ಕೊರಳನ್ನು ಒಳಗೇ ಉಳಿಸುವ ವಾಡಿಕೆಯಿತ್ತು. ಹಾಗೆ ಉಳಿದ ಕೊರಳಿನಲ್ಲಿ ಮುಂದೆ ಅರ್ಬುದವು ಹುಟ್ಟುವ ಭಯವಿದ್ದೇ ಇತ್ತು. 1940ರ ದಶಕದಲ್ಲಿ ಪೆನಿಸಿಲಿನ್ ಮೊದಲಾದ ಔಷಧಗಳು ಕೈಸೇರಿದ ಮೇಲೆ ಪೂರ್ತಿಯಾಗಿ ತೆಗೆಯುವುದೇ ರೂಢಿಯಾಯಿತು. ಹೀಗೆ ಶಸ್ತ್ರವು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ನಂಜಿನ ಭಯವೇ ಗೊತ್ತುಮಾಡುತ್ತಿತ್ತು.

1988ರಲ್ಲಿ ಅಮೆರಿಕದ ಹ್ಯಾರಿ ರೈಖ್ ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆಯನ್ನು ಹೊಗಿಸಿ ಈ ಶಸ್ತ್ರಕ್ರಿಯೆಯನ್ನು ನಡೆಸಿದನು. ಇಂದು ಸಾಧ್ಯವಿದ್ದೆಡೆಯಲ್ಲೆಲ್ಲ ಯೋನಿಮಾರ್ಗವನ್ನೇ ಮೇಲೆಂದೆಣಿಸುವರು. ಲಾಂಗೆನ್‌ಬೆಕ್ ಹಿಡಿದ ದಾರಿಗೇ ವೈದ್ಯಶಾಸ್ತ್ರವು ಮರಳಿತೆನ್ನಬಹುದು. ಆದರೆ ಈಗ ಚರ್ಮವನ್ನು ಕೊಯ್ಯುವುದಕ್ಕೆ ಒಂದು ಗಂಟೆಯೊಳಗೆ ರೋಗಾಣುನಾಶಕ ಔಷಧವನ್ನು ಕೊಡುವರು. ಯೋನಿಯನ್ನು ಅಯೊಡಿನ್ ಸೇರಿದ ದ್ರವದಿಂದ ಶುಚಿಮಾಡುವರು. ಕೈತೊಳೆದು, ಒತ್ತಡದ ಹಬೆಯಲ್ಲಿ ಶುದ್ಧವಾದ ಉಪಕರಣಗಳನ್ನೇ ಬಳಸುವರು.

ಇವುಗಳಲ್ಲಿ ಅತ್ಯಂತ ಹಳೆಯದೂ ಅಗ್ಗವಾದುದೂ ಕೈತೊಳೆಯುವುದೇ. ಅದನ್ನು ಒಪ್ಪಲು ಬೇಕಾದುದು ಹಣವಲ್ಲ, ವಿನಯ. ಕೈಗುಣವನ್ನು ಹೊಗಳುವಾಗ ಆ ವಿನಯವನ್ನೂ ನಾವು ನೆನೆಯತಕ್ಕುದು.