ಶೂನ್ಯಜ್ಞಾನ ಗುರುತು ದೃಢೀಕರಣ: ಬ್ಲಾಕ್‌ಚೈನ್ ಆಯ್ಕೆ

ಹೆಸರು, ವಿಳಾಸ, ಹುಟ್ಟಿದ ದಿನಾಂಕ ಯಾವುದನ್ನೂ ಬಿಟ್ಟುಕೊಡದೆ, ತನಗೆ 18 ವರ್ಷ ತುಂಬಿದೆ ಎಂಬಂಥ ಒಂದೇ ಸಂಗತಿಯನ್ನು ಗಣಿತದ ಪುರಾವೆಯಿಂದ ಸಾಬೀತುಪಡಿಸುವ ವಿಧಾನ. ಇದರ ತಳಹದಿ ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಅವರ 1985ರ ಪ್ರಬಂಧ.

ಭಾರತದ ಉದಾಹರಣೆ ಆನಾನ್ ಆಧಾರ್. ಆಧಾರ್ ಕ್ಯೂಆರ್ ಕೋಡ್‌ನಲ್ಲಿ ಆಧಾರ್ ನೀಡುವ ಪ್ರಾಧಿಕಾರದ ಆರ್‌ಎಸ್‌ಎ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಅಸಲಿ ಎಂಬುದಕ್ಕೆ ಬಳಕೆದಾರರ ಸಾಧನದಲ್ಲೇ ಪುರಾವೆ ತಯಾರಾಗುತ್ತದೆ. ಆ ಪುರಾವೆಯ ಜೊತೆಗೆ ಹೊರಗೆ ಹೋಗುವ ವೈಯಕ್ತಿಕ ವಿವರ ಬಳಕೆದಾರರು ಒಪ್ಪಿದ್ದು ಮಾತ್ರ.

ಇಂಥ ಪುರಾವೆಯನ್ನು ಬ್ಲಾಕ್‌ಚೈನ್ ಮೇಲೆ ತಾಳೆ ನೋಡುವುದಾದರೆ, ಸರಪಳಿ ಆರಿಸುವ ಮೊದಲು ಅದರ ಮೇಲೆ ಏನು ಬರೆಯಬೇಕೆಂಬುದನ್ನು ತೀರ್ಮಾನಿಸಬೇಕು. ಅಲ್ಲಿ ಬರೆದದ್ದು ಅಳಿಯದು. ಆಧಾರ್ ಸಂಖ್ಯೆಯನ್ನು ಬರಿಯ ಹ್ಯಾಶ್ ಮಾಡಿ ಹಾಕುವುದಂತೂ ಅಪಾಯ: 12 ಅಂಕಿಗಳ ಸಾಧ್ಯತೆಗಳು ಒಂದು ಲಕ್ಷ ಕೋಟಿಯನ್ನು ಮೀರುವುದಿಲ್ಲ, ಕಂಪ್ಯೂಟರ್ ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿಬಿಡಬಲ್ಲದು.

ಇಥೀರಿಯಂ ಬ್ಲಾಕ್‌ಚೈನ್ 2017ರ ಬೈಜಾಂಟಿಯಂ ಪರಿಷ್ಕರಣೆಯಲ್ಲಿ ಪುರಾವೆ ತಾಳೆ ನೋಡುವ ಗಣಿತಕ್ರಿಯೆಗಳನ್ನು ಸೇರಿಸಿಕೊಂಡಿತು. 2019ರ ಇಸ್ತಾಂಬುಲ್ ಪರಿಷ್ಕರಣೆ ಅವುಗಳ ವೆಚ್ಚ ಇಳಿಸಿತು. ಗ್ರಾತ್16 ಎಂಬ ಬಗೆಯ ಪುರಾವೆಯೊಂದರ ತಾಳೆಗೆ ಈಗಲೂ ಸುಮಾರು 2 ಲಕ್ಷ ಗ್ಯಾಸ್ (ಶುಲ್ಕ ಲೆಕ್ಕ ಹಾಕುವ ಅಳತೆ) ಬೇಕು. ಆದ್ದರಿಂದ ದಿನನಿತ್ಯದ ಬಳಕೆಗೆ ಇಥೀರಿಯಂ ಮೇಲಿನ ಎರಡನೇ ಸ್ತರದ ಜಾಲಗಳೇ ಸೂಕ್ತ. ಗ್ರಾತ್16ಗೆ ಪ್ರತಿ ಸರ್ಕ್ಯೂಟ್‌ಗೂ (ಸಾಬೀತುಪಡಿಸಬೇಕಾದ ಪ್ರತಿ ಲೆಕ್ಕಕ್ಕೂ) ನಂಬಿಕೆಯ ಆರಂಭಿಕ ವಿಧಿ ಬೇಕು. ಪ್ಲಾಂಕ್ ಎಂಬ ಇನ್ನೊಂದು ಬಗೆಗೆ ಒಂದೇ ವಿಧಿ ಹಲವು ಸರ್ಕ್ಯೂಟ್‌ಗಳಿಗೆ ಸಾಕು, ಆದರೆ ತಾಳೆಯ ವೆಚ್ಚ ಹೆಚ್ಚು.

ಬಹಳ ಯೋಜನೆಗಳು ಮರೆಯುವುದು ಶುಲ್ಕ ಪಾವತಿಯನ್ನು. ಬಳಕೆದಾರರು ತಮ್ಮದೇ ವ್ಯಾಲೆಟ್‌ನಿಂದ ಗ್ಯಾಸ್ ಕಟ್ಟಿದರೆ ಪುರಾವೆ ಮುಚ್ಚಿಟ್ಟದ್ದನ್ನು ಆ ವಿಳಾಸವೇ ಬಯಲಿಗೆಳೆಯಬಹುದು. ಬಳಕೆದಾರರ ಪರವಾಗಿ ಪುರಾವೆ ಕಳಿಸಿ ಗ್ಯಾಸ್ ಕಟ್ಟುವ ರಿಲೇಯರ್ ಇಲ್ಲದೆ ಗೋಪ್ಯತೆ ಪೂರ್ಣವಲ್ಲ. ಪರಿಶೀಲಿಸುವವರು ಒಂದೇ ಸಂಸ್ಥೆಯವರಾದರೆ ಬ್ಲಾಕ್‌ಚೈನಿನ ಅಗತ್ಯವೇ ಇಲ್ಲ, ಸಾಮಾನ್ಯ ಸರ್ವರ್ ಸಾಕು.